ಗುಜರಿಯವರು ಒಂದನ್ನು ಕೊಳ್ಳುತ್ತಾರೆ, ಇನ್ನೊಂದನ್ನು ಬಿಟ್ಟು ಹೋಗುತ್ತಾರೆ: ಯಾಕೆ?

ತಿಂಗಳುಗಟ್ಟಲೆ ಕೂಡಿಟ್ಟ ಹಳೇ ಸಾಮಾನನ್ನು ಗುಜರಿಯವರ ಮುಂದೆ ಸುರಿದರೆ ಅವರು ನೋಡನೋಡುತ್ತಲೇ ಎರಡು ಗುಡ್ಡೆ ಮಾಡಿಬಿಡುತ್ತಾರೆ. ದಿನಪತ್ರಿಕೆ, ರಟ್ಟು, ಹಾಲಿನ ಕವರ್, ನೀರಿನ ಬಾಟಲಿ, ತಗಡಿನ ಡಬ್ಬಿ ತಕ್ಕಡಿಗೆ ಹೋಗುತ್ತವೆ. ಚಿಪ್ಸ್ ಪೊಟ್ಟಣ, ಥರ್ಮಾಕೋಲ್, ಪೇಪರ್ ಲೋಟ, ಒಡೆದ ಸ್ವಿಚ್ ಬೋರ್ಡು ನಮ್ಮ ಅಂಗಳದಲ್ಲೇ ಉಳಿಯುತ್ತವೆ. "ಇದೂ ಪ್ಲಾಸ್ಟಿಕ್ಕೇ ಅಲ್ಲವಾ?" ಎಂದು ಕೇಳಿದರೆ "ಅದು ಹೋಗಲ್ಲ" ಅನ್ನುವುದಷ್ಟೇ ಉತ್ತರ.

ಆ ಪುಟ್ಟ ಉತ್ತರದ ಹಿಂದೆ ಸಾಕಷ್ಟು ವಿಜ್ಞಾನವಿದೆ. ಅದನ್ನು ತಿಳಿಯಬೇಕಾದ ಹೊತ್ತೂ ಇದೇ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೇ ಕಸ ನಿರ್ವಹಣೆಯ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಕಸಕ್ಕೆ ದುಡ್ಡು ಕೊಡಬೇಕಾಗಿ ಬಂದಾಗ, ಅದರಲ್ಲಿ ನಿಜವಾಗಿ ಕಸ ಎಷ್ಟು, ಸಾಮಾನು ಎಷ್ಟು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಒಂದು ವಸ್ತು ಎಷ್ಟು ಹಳತು, ಎಷ್ಟು ಮುರಿದಿದೆ ಎಂಬುದಕ್ಕಿಂತ ಅದು ಎಷ್ಟು ಬೆರಕೆಯಾಗಿದೆ ಎಂಬುದೇ ಅದರ ಮುಂದಿನ ಬದುಕನ್ನು ತೀರ್ಮಾನಿಸುತ್ತದೆ. ಲೋಹವಿರಲಿ, ಕಾಗದ, ಪ್ಲಾಸ್ಟಿಕ್, ಬಟ್ಟೆಯಿರಲಿ, ಲೆಕ್ಕ ಇದೇ.

ಮತ್ತೆ ಕೆಲಸಕ್ಕೆ ಬರುವ ಮೂರು ದಾರಿ

ಮೊದಲನೆಯದು ಮರುಬಳಕೆ. ಇದ್ದ ರೂಪದಲ್ಲೇ, ಅದೇ ಕೆಲಸಕ್ಕೆ ಮತ್ತೆ ಬಳಸುವುದು. ಬಿಯರ್ ಕಂಪನಿಗಳು ಖಾಲಿ ಬಾಟಲಿಗಳನ್ನು ಗುಜರಿಯ ಮೂಲಕ ವಾಪಸ್ ಪಡೆದು, ತೊಳೆದು, ಮತ್ತೆ ತುಂಬಿಸುವುದು ಹೀಗೆ. ಆ ಬಾಟಲಿಯನ್ನು ಗುಜರಿಯವರು ಕೆಜಿ ಲೆಕ್ಕದಲ್ಲಿ ತೂಗದೆ ಒಂದೊಂದಕ್ಕೆ ಇಷ್ಟು ಎಂದು ಕೊಡುವುದಕ್ಕೆ ಕಾರಣವೂ ಇದೇ. ಅಲ್ಲಿ ಬೆಲೆ ಗಾಜಿಗಲ್ಲ, ಬಾಟಲಿಗೆ.

ಎರಡನೆಯದು ಬೇರೆ ಕೆಲಸಕ್ಕೆ ಹಚ್ಚುವುದು. ಕಾಫಿಪುಡಿಯ ಗಾಜಿನ ಬಾಟಲಿಯಲ್ಲಿ ಸಾಸಿವೆ ತುಂಬಿಡುವುದು, ಹಳೇ ಸೀರೆಯಲ್ಲಿ ಕೌದಿ ಹೊಲಿಯುವುದು, ಸವೆದ ಟೈರನ್ನು ಕತ್ತರಿಸಿ ಚಪ್ಪಲಿ ಮಾಡುವುದು.

ಮೂರನೆಯದು ಮರುಸಂಸ್ಕರಣೆ. ವಸ್ತುವನ್ನು ಪುಡಿ ಮಾಡಿ, ಕರಗಿಸಿ ಅಥವಾ ನೆನೆಸಿ ಕಚ್ಚಾಮಾಲಿನ ಮಟ್ಟಕ್ಕೆ ಇಳಿಸಿ ಹೊಸದನ್ನು ತಯಾರಿಸುವುದು.

ಮೊದಲ ಎರಡು ದಾರಿಗೆ ನೀರು, ಸೂಜಿದಾರ, ಕೈಕೆಲಸ ಸಾಕು. ಮೂರನೆಯದಕ್ಕೆ ಲಾರಿ, ಕಾರ್ಖಾನೆ, ಬೆಂಕಿ, ಕರೆಂಟು ಎಲ್ಲ ಬೇಕು. ಹಾಗಾಗಿ ಗಟ್ಟಿಯಾಗಿರುವ ಗಾಜಿನ ಬಾಟಲಿಯನ್ನು ಒಡೆದು ಕರಗಿಸುವುದಕ್ಕಿಂತ ತೊಳೆದು ಇಟ್ಟುಕೊಳ್ಳುವುದೇ ಲಾಭ. ಗಾಜು ಕರಗಬೇಕಾದರೆ ಕುಲುಮೆ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು.

ಲೋಹಕ್ಕೆ ಯಾವತ್ತೂ ಬೆಲೆ

ಗುಜರಿ ಅಂಗಡಿಯಲ್ಲಿ ಲೋಹದ ಮಾನ ಎಂದೂ ಇಳಿಯದು. ಕಬ್ಬಿಣವಿರಲಿ, ತಾಮ್ರವಿರಲಿ, ಎಷ್ಟು ಸಲ ಕರಗಿಸಿದರೂ ಅದರ ಮೂಲಗುಣ ಹೋಗುವುದಿಲ್ಲ. ಬೇರ್ಪಡಿಸುವುದೂ ಸುಲಭ. ಅಯಸ್ಕಾಂತ ಹಿಡಿದರೆ ಕಬ್ಬಿಣ ಅಂಟಿಕೊಳ್ಳುತ್ತದೆ, ಅಲ್ಯೂಮಿನಿಯಂ ಅಂಟುವುದಿಲ್ಲ.

ಅಲ್ಯೂಮಿನಿಯಂನ ಲೆಕ್ಕವಂತೂ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಬಾಕ್ಸೈಟ್ ಅದಿರನ್ನು ಅಗೆದು, ಅದರಿಂದ ಅಲ್ಯೂಮಿನಾ ತೆಗೆದು, ಅದರೊಳಗೆ ವಿದ್ಯುತ್ ಹರಿಸಿ ಆಮ್ಲಜನಕವನ್ನು ಬಿಡಿಸಿದಾಗ ಲೋಹ ಸಿಗುತ್ತದೆ. ಆ ಬಿಡಿಸುವ ಕೆಲಸವೇ ಅಪಾರ ವಿದ್ಯುತ್ ನುಂಗುತ್ತದೆ. ಹಳೇ ಪಾತ್ರೆಯಲ್ಲಿ ಆ ಕೆಲಸ ಆಗಲೇ ಮುಗಿದಿರುತ್ತದೆ. ಸುಮಾರು 660 ಡಿಗ್ರಿಯಲ್ಲಿ ಕರಗಿಸಿದರೆ ಆಯಿತು. ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇ 5ರಷ್ಟು ಸಾಕು. ತೂತುಬಿದ್ದ ಅಲ್ಯೂಮಿನಿಯಂ ಬೋಗುಣಿಗೂ ಗುಜರಿಯವರು ಕಬ್ಬಿಣಕ್ಕಿಂತ ಹೆಚ್ಚು ದರ ಕೊಡುವುದು ಇದರಿಂದಲೇ.

ಗಾಜೂ ಲೋಹದ ಹಾಗೆ ಎಷ್ಟು ಸಲವಾದರೂ ಕರಗಬಲ್ಲದು. ಆದರೆ ಒಡೆದ ಬಾಟಲಿಗಳ ನಡುವೆ ಪಿಂಗಾಣಿ ಕಪ್ಪಿನ ಚೂರೋ ಮೈಕ್ರೋವೇವ್ ಬಟ್ಟಲಿನ ಚೂರೋ ಸೇರಿದರೆ ಕೆಲಸ ಕೆಟ್ಟಿತು. ಬಾಟಲಿ ಗಾಜು ಕರಗುವ ಶಾಖಕ್ಕೆ ಅವು ಕರಗುವುದಿಲ್ಲ. ಹೊಸ ಬಾಟಲಿಯೊಳಗೆ ಹರಳಾಗಿ ಉಳಿದು, ಅಲ್ಲಿಂದಲೇ ಬಿರುಕು ಬಿಡುತ್ತದೆ.

ಕಾಗದ ಸವೆಯುತ್ತದೆ

ಕಾಗದವೆಂದರೆ ಮರದ ನಾರುಗಳ ತೆಳುವಾದ ಹೆಣಿಗೆ. ರದ್ದಿಯನ್ನು ನೀರಲ್ಲಿ ಕಲಸಿ ತಿರುಳು ಮಾಡುವಾಗ ಪ್ರತಿ ಸಲವೂ ನಾರು ಒಂದಿಷ್ಟು ತುಂಡಾಗುತ್ತದೆ. ಐದರಿಂದ ಏಳು ಸಲ ಕಳೆದ ಮೇಲೆ ಅದು ಒಂದನ್ನೊಂದು ಹಿಡಿದುಕೊಳ್ಳಲಾರದಷ್ಟು ಗಿಡ್ಡವಾಗುತ್ತದೆ. ಹೀಗಾಗಿ ಬಿಳಿ ಹಾಳೆ ರಟ್ಟಾಗುತ್ತದೆ, ರಟ್ಟು ಮೊಟ್ಟೆಯ ತಟ್ಟೆಯಾಗುತ್ತದೆ.

ಎಣ್ಣೆ ಹೀರಿದ ಕಾಗದದ ನಾರು ನೀರಲ್ಲಿ ಬಿಡಿಬಿಡಿಯಾಗುವುದಿಲ್ಲ. ಪೇಪರ್ ಲೋಟದ ಒಳಗೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪದರವಿರುತ್ತದೆ. ಇಲ್ಲದಿದ್ದರೆ ಕಾಫಿ ಸೋರಿಹೋಗುತ್ತಿತ್ತು. ಹೆಸರಿಗೆ ಪೇಪರ್ ಆದರೂ ರದ್ದಿ ಕೊಳ್ಳುವವರಿಗೆ ಅದು ಬೆರಕೆ ಮಾಲು. ಹಣ್ಣಿನ ರಸದ ಡಬ್ಬಿಯಲ್ಲಿ ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ. ಅದನ್ನು ಬಿಡಿಸುವ ವಿಶೇಷ ಕಾರ್ಖಾನೆಗಳಿವೆ, ಆದರೆ ಬೀದಿಯ ಗುಜರಿ ಅಂಗಡಿಯಿಂದ ಅಲ್ಲಿಗೆ ಅದು ತಲುಪುವುದೇ ಕಷ್ಟ.

ಪ್ಲಾಸ್ಟಿಕ್ ಒಂದಲ್ಲ

ನಾವು ಒಂದೇ ಹೆಸರಿನಿಂದ ಕರೆಯುವ ಪ್ಲಾಸ್ಟಿಕ್‌ನಲ್ಲಿ ಹತ್ತಾರು ಜಾತಿಗಳಿವೆ. ಎಲ್ಲವೂ ಉದ್ದನೆಯ ಅಣುಸರಪಳಿಗಳೇ. ಆದರೆ ಸರಪಳಿ ಯಾವುದರಿಂದ ಆಗಿದೆ, ಸರಪಳಿಗಳ ನಡುವೆ ಅಡ್ಡ ಬೆಸುಗೆ ಇದೆಯೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸ.

ಮೊದಲ ದೊಡ್ಡ ವಿಂಗಡಣೆ ಈ ಬೆಸುಗೆಯದು. ಬೆಲ್ಲವನ್ನು ಕರಗಿಸಿ ಅಚ್ಚಿಗೆ ಹುಯ್ಯಬಹುದು, ಬೇಡವೆಂದರೆ ಮತ್ತೆ ಕರಗಿಸಬಹುದು. ಆದರೆ ಬೆಂದ ಇಡ್ಲಿಯನ್ನು ಎಷ್ಟು ಕಾಯಿಸಿದರೂ ಹಿಟ್ಟಾಗದು. ಬಕೆಟ್, ಬಾಟಲಿ, ಕವರ್‌ಗಳ ಪ್ಲಾಸ್ಟಿಕ್ ಬೆಲ್ಲದ ಜಾತಿ. ಸ್ವಿಚ್ ಬೋರ್ಡು, ಕುಕ್ಕರಿನ ಹಿಡಿ, ಮೆಲಮೈನ್ ತಟ್ಟೆ ಇಡ್ಲಿಯ ಜಾತಿ. ಅವುಗಳಲ್ಲಿ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡುಬಿಟ್ಟಿವೆ. ಕಾಯಿಸಿದರೆ ಸುಟ್ಟು ಕರಕಲಾಗುತ್ತವೆಯೇ ಹೊರತು ಕರಗುವುದಿಲ್ಲ. ಗಂಧಕದಿಂದ ಬೆಸೆದ ಟೈರಿನ ರಬ್ಬರಿನದೂ ಇದೇ ಗುಣ. ಟೈರು ಚಪ್ಪಲಿಯಾಗುತ್ತದೆ, ಮೇಲ್ಮೈ ಹೊದಿಸಿಕೊಂಡು ರೀಸೋಲ್ ಆಗುತ್ತದೆ, ಪುಡಿಯಾಗಿ ನೆಲಹಾಸಾಗುತ್ತದೆ. ಕರಗಿ ಹೊಸ ಟೈರಾಗುವುದಿಲ್ಲ.

ಕರಗುವ ಜಾತಿಯಲ್ಲೂ ಒಳಪಂಗಡಗಳಿವೆ. ಬಾಟಲಿಯ ತಳ ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. ಇದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಶುರುಮಾಡಿದ ಗುರುತು. 1 ಅಂದರೆ ಪೆಟ್, ನೀರಿನ ಮತ್ತು ತಂಪುಪಾನೀಯದ ಬಾಟಲಿ. 2 ಅಂದರೆ ಗಟ್ಟಿ ಪಾಲಿಥಿನ್, ಶಾಂಪೂ ಬಾಟಲಿ, ಕ್ಯಾನು. 3 ಪಿವಿಸಿ ಪೈಪು. 4 ಮೆದು ಪಾಲಿಥಿನ್, ಹಾಲಿನ ಕವರ್. 5 ಪಾಲಿಪ್ರೊಪಿಲೀನ್, ಊಟದ ಪಾರ್ಸೆಲ್ ಡಬ್ಬಿ, ಗೊಬ್ಬರದ ಚೀಲ. 6 ಥರ್ಮಾಕೋಲಿನ ಪಾಲಿಸ್ಟೈರೀನ್. 7 ಉಳಿದದ್ದೆಲ್ಲ. ತ್ರಿಕೋನ ಕಂಡ ತಕ್ಷಣ ಇದು ಖಂಡಿತ ಮರುಸಂಸ್ಕರಣೆ ಆಗುತ್ತದೆ ಎಂದು ಅನೇಕರು ನಂಬುತ್ತಾರೆ. ಆ ಅಂಕಿ ಜಾತಿಯನ್ನಷ್ಟೇ ಹೇಳುತ್ತದೆ, ಮುಂದಿನ ಗತಿಯನ್ನಲ್ಲ.

ಎಲ್ಲವನ್ನೂ ಒಟ್ಟಿಗೆ ಕರಗಿಸಿದರೆ ಏನಾಗುತ್ತದೆ? ಹಾಲಿನ ಕವರ್ ಕರಗುವುದು ಹೆಚ್ಚೂಕಡಿಮೆ 110ರಿಂದ 120 ಡಿಗ್ರಿಯಲ್ಲಿ, ಪೆಟ್ ಬಾಟಲಿ 250ರ ಆಸುಪಾಸಿನಲ್ಲಿ. ಪೆಟ್ ಕರಗುವ ಶಾಖಕ್ಕೆ ಪಿವಿಸಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಕಾರುತ್ತದೆ. ಆ ಆಮ್ಲ ಪೆಟ್‌ನ ಸರಪಳಿಗಳನ್ನು ಕಡಿದುಹಾಕುತ್ತದೆ. ಕರಗಿದ ಮೇಲೂ ಬೇರೆಬೇರೆ ಜಾತಿಗಳು ಒಂದರೊಳಗೊಂದು ಬೆರೆಯುವುದಿಲ್ಲ. ತಣಿದಾಗ ಪುಸುಕ್ಕನೆ ಮುರಿಯುವ ಮುದ್ದೆ ಕೈಗೆ ಸಿಗುತ್ತದೆ.

ಒಂದು ನೀರಿನ ಬಾಟಲಿಯ ದಾರಿ

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ನೀರಿನ ಬಾಟಲಿಯ ಗೋಡೆಯಿಂದ ಒಂದು ಚೂರು, ಮುಚ್ಚಳದಿಂದ ಒಂದು ಚೂರು ಕತ್ತರಿಸಿ ಲೋಟದ ನೀರಿಗೆ ಹಾಕಿ ಬೆರಳಿಂದ ಅದುಮಿ ಬಿಡಿ. ಗೋಡೆಯ ಚೂರು ತಳ ಸೇರುತ್ತದೆ, ಮುಚ್ಚಳದ ಚೂರು ಮೇಲೆ ತೇಲುತ್ತದೆ. ಪೆಟ್ ನೀರಿಗಿಂತ ಭಾರ, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ನಡೆಯುವುದೂ ಇದೇ.

ಅಲ್ಲಿಗೆ ತಲುಪುವ ಮುನ್ನ ಬಾಟಲಿ ಅನೇಕ ಕೈಗಳನ್ನು ದಾಟಿರುತ್ತದೆ. ಬೀದಿಯಲ್ಲಿ ಆಯುವವರು, ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರ, ಚಿಕ್ಕ ಗುಜರಿ, ದೊಡ್ಡ ಗುಜರಿ. ಬೆಂಗಳೂರಿನಲ್ಲಿ ಜಾಲಿ ಮೊಹಲ್ಲಾ, ನಾಯಂಡಹಳ್ಳಿ ಇಂಥ ವಹಿವಾಟಿಗೆ ಹೆಸರಾದ ಜಾಗಗಳು. ಪ್ರತಿ ಹಂತದಲ್ಲೂ ಮಾಲು ಇನ್ನಷ್ಟು ವಿಂಗಡಣೆಯಾಗುತ್ತದೆ, ಬೆಲೆ ಇನ್ನಷ್ಟು ಏರುತ್ತದೆ. ಬಣ್ಣವಿಲ್ಲದ ಬಾಟಲಿಗೆ ಹೆಚ್ಚು ದರ, ಯಾಕೆಂದರೆ ಅದಕ್ಕೆ ಮುಂದೆ ಯಾವ ಬಣ್ಣವನ್ನಾದರೂ ಕೊಡಬಹುದು.

ಕಾರ್ಖಾನೆಯಲ್ಲಿ ಲೇಬಲ್ ತೆಗೆದು, ಚೂರು ಮಾಡಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದು ಅಂಟು, ಜಿಡ್ಡು ತೆಗೆಯುತ್ತಾರೆ. ನಂತರ ಚೆನ್ನಾಗಿ ಒಣಗಿಸುತ್ತಾರೆ. ತೇವ ಉಳಿದರೆ ಕರಗಿಸುವಾಗ ಆ ನೀರೇ ಸರಪಳಿಯನ್ನು ತುಂಡರಿಸುತ್ತದೆ. ಕರಗಿದ ಪೆಟ್ ಪ್ಲಾಸ್ಟಿಕ್ಕನ್ನು ಸಣ್ಣ ರಂಧ್ರಗಳ ಮೂಲಕ ಒತ್ತಿದರೆ ಎಳೆ ಹೊರಬರುತ್ತದೆ. ಅದೇ ಪಾಲಿಯೆಸ್ಟರ್. ದಿಂಬಿನ ಹತ್ತಿ ಎಂದು ನಾವು ಕೊಳ್ಳುವುದರಲ್ಲಿ ಬಹಳಷ್ಟು ಇದೇ ಎಳೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಬಾಟಲಿ ಎಳೆಯ ಜಾಕೆಟನ್ನು ಪ್ರಧಾನಿ ನರೇಂದ್ರ ಮೋದಿಯವರಿಗೆ ಕೊಟ್ಟಿತು. ಅವರು ಅದೇ ವಾರ ಸಂಸತ್ತಿಗೆ ಅದನ್ನು ತೊಟ್ಟು ಹೋಗಿದ್ದರು.

ಗುಜರಿ ದರ ಯಾಕೆ ಏರಿಳಿಯುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹೊಸ ಪ್ಲಾಸ್ಟಿಕ್ ತಯಾರಾಗುವುದು ಹೆಚ್ಚಾಗಿ ಕಚ್ಚಾ ತೈಲ, ಅನಿಲದಿಂದ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕೂ ಅಗ್ಗ. ಆಗ ಹಳೇ ಬಾಟಲಿ ತೊಳೆದು ಕರಗಿಸುವ ಕಾರ್ಖಾನೆಗೆ ಗಿಟ್ಟುವುದಿಲ್ಲ. ಅದರ ಪೆಟ್ಟು ಕೊನೆಗೆ ಬೀಳುವುದು ಚೀಲ ಹೊತ್ತು ಆಯುವವರ ದಿನಗೂಲಿಯ ಮೇಲೆ.

ಚಿಪ್ಸ್ ಪೊಟ್ಟಣ ಯಾರಿಗೂ ಬೇಡ

ಹೊಳೆಯುವ ಆ ಪೊಟ್ಟಣ ತಯಾರಿಸುವವರ ದೃಷ್ಟಿಯಲ್ಲಿ ಅದ್ಭುತ ವಸ್ತು. ಅಚ್ಚು ಹಿಡಿಯುವ ಪದರ, ಗಾಳಿ ಮತ್ತು ತೇವ ತಡೆಯುವ ಅಲ್ಯೂಮಿನಿಯಂ ಲೇಪ, ಬಿಸಿಗೆ ಅಂಟಿಕೊಳ್ಳುವ ಒಳಪದರ. ಎಲ್ಲ ಸೇರಿದರೂ ಕೂದಲೆಳೆಯಷ್ಟು ದಪ್ಪ. ಬಿಡಿಸುವುದು ಕಷ್ಟ, ಬಿಡಿಸಿದರೂ ಸಿಗುವುದು ಚಿಟಿಕೆ ಮಾಲು. ಒಂದು ಕೆಜಿ ತುಂಬಲು ರಾಶಿ ರಾಶಿ ಪೊಟ್ಟಣ ಆಯಬೇಕು, ಅಷ್ಟು ಆಯ್ದರೂ ಕೊಳ್ಳುವವರಿಲ್ಲ. ನಮ್ಮ ಚರಂಡಿ, ಕೆರೆಗಳಲ್ಲಿ ನೀರಿನ ಬಾಟಲಿಗಿಂತ ಇಂಥ ಪೊಟ್ಟಣಗಳೇ ಹೆಚ್ಚು ಹೊತ್ತು ಉಳಿದುಬಿಡುವುದು ಇದಕ್ಕೇ.

ಇವುಗಳಿಗೆ ಸದ್ಯ ಇರುವ ಮುಖ್ಯ ದಾರಿ ಸಿಮೆಂಟ್ ಕಾರ್ಖಾನೆ. ಸುಣ್ಣಕಲ್ಲು ಬೇಯುವ ಗೂಡಿನಲ್ಲಿ ಮಾಲು ಸುಮಾರು 1450 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಕಲ್ಲಿದ್ದಲಿನ ಜೊತೆ ಇವನ್ನೂ ಉರಿಸುತ್ತಾರೆ. ಮನೆ ಹಿತ್ತಲಲ್ಲಿ ಸುಟ್ಟಾಗ ಬರುವ ವಿಷಹೊಗೆ ಅಷ್ಟು ಶಾಖದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೆ ಉರಿದದ್ದು ಉರಿದೇ ಹೋಯಿತು. ವಸ್ತು ಮತ್ತೆ ಕೈಗೆ ಬರುವುದಿಲ್ಲ. ಇದನ್ನು ಮರುಸಂಸ್ಕರಣೆಯೆಂದು ಕರೆಯುವುದು ಸರಿಯಲ್ಲ.

ಇನ್ನೊಂದು ದಾರಿ ರಸ್ತೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಇದನ್ನು ರೂಪಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾದ ಜಲ್ಲಿಯ ಮೇಲೆ ಸಣ್ಣಗೆ ಕತ್ತರಿಸಿದ ಪ್ಲಾಸ್ಟಿಕ್ ಉದುರಿಸಿದರೆ ಅದು ಕರಗಿ ಕಲ್ಲಿಗೆ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಟಾರು ಕಲಸುತ್ತಾರೆ. ಕಲ್ಲಿಗೂ ಟಾರಿಗೂ ಹಿಡಿತ ಬಿಗಿಯಾಗಿ, ನೀರು ನಡುವೆ ನುಗ್ಗುವುದು ಕಡಿಮೆಯಾಗುತ್ತದೆ. ಬೆಂಗಳೂರಿನ ಹಲವು ರಸ್ತೆಗಳಿಗೂ ಈ ವಿಧಾನ ಬಳಸಿದ್ದಾರೆ. ಇಲ್ಲೂ ಪಿವಿಸಿ ಸೇರಿಸುವಂತಿಲ್ಲ, ಕಾದಾಗ ವಿಷಾನಿಲ ಬಿಡುತ್ತದೆ.

ಬಟ್ಟೆ ಮತ್ತು ಕೌದಿ

ಬಟ್ಟೆಗೂ ಬೆರಕೆಯ ತೊಡಕೇ. ಇಂದಿನ ಅನೇಕ ಅಂಗಿಗಳಲ್ಲಿ ಹತ್ತಿ, ಪಾಲಿಯೆಸ್ಟರ್ ಒಂದೇ ನೂಲಿನಲ್ಲಿ ಹೊಸೆದುಕೊಂಡಿವೆ. ಹತ್ತಿಯನ್ನು ಮಣ್ಣು ಮಾಡಬಹುದು, ಪಾಲಿಯೆಸ್ಟರನ್ನು ಕರಗಿಸಬಹುದು. ಎರಡೂ ಸೇರಿದ್ದನ್ನು ಎರಡೂ ಮಾಡಲಾಗದು. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಚಿಂದಿ ಮಾಡಿ, ನೂಲು ತೆಗೆದು ಕಂಬಳಿ ನೇಯುತ್ತಾರೆ. ಬಣ್ಣ ಮೊದಲೇ ಹೊಂದಿದ್ದರೆ ಮತ್ತೆ ಬಣ್ಣ ಅದ್ದುವ ಕೆಲಸ ಬೇಕಾಗುವುದಿಲ್ಲ.

ಇಷ್ಟೆಲ್ಲ ಯಂತ್ರ ಇಲ್ಲದ ಕಾಲದಿಂದಲೂ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಈ ತೊಡಕನ್ನು ಸೂಜಿದಾರದಲ್ಲೇ ಬಿಡಿಸಿದ್ದಾರೆ. ಕೌದಿಯ ಗಟ್ಟಿತನದ ಗುಟ್ಟು ನೋಡಿ. ಸವೆದ ಸೀರೆ, ಧೋತರ ಒಂಟಿಯಾಗಿದ್ದರೆ ಎಳೆದ ಕಡೆ ಹರಿಯುತ್ತದೆ. ನಾಲ್ಕಾರು ಪದರ ಒಂದರ ಮೇಲೊಂದು ಹಾಸಿ, ಬೆರಳಗಲಕ್ಕೊಂದರಂತೆ ಸಾಲು ಸಾಲಾಗಿ ಟಾಕಿ ಹಾಕಿದಾಗ, ಎಳೆತವು ಒಂದೆಡೆ ನಿಲ್ಲದೆ ಎಲ್ಲ ಪದರಕ್ಕೂ ಹಂಚಿಹೋಗುತ್ತದೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುತ್ತದೆ. ಮೇಲಿನ ತುಂಡು ಹರಿದರೆ ಅದರ ಮೇಲೆ ಇನ್ನೊಂದು ತುಂಡು. ಹಾಗೆ ದುರಸ್ತಿಯಾಗುತ್ತಲೇ ಒಂದು ಕೌದಿ ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅವರು ಅಂಚಿನ ಒಂದು ಮೂಲೆಯಿಂದ ಶುರುಮಾಡಿ, ಸುತ್ತು ಬರುತ್ತ ಬರುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ಬಟ್ಟೆ ಹೂಗಳನ್ನು ಕೂರಿಸಿದರೆ ಕವಂದಿ ಪೂರ್ತಿಯಾಯಿತು. ಬೇರೆ ಬೇರೆ ನೂಲು, ಬೇರೆ ಬೇರೆ ಬಣ್ಣ ಇಲ್ಲಿ ಅಡ್ಡಿಯಲ್ಲ. ಕರಗಿಸುವ ಗೋಜೇ ಇಲ್ಲವಲ್ಲ.

ಮನೆಯಲ್ಲಿ ಬೇರೆ ಕೆಲಸಕ್ಕೆ ಹಚ್ಚುವಾಗ

ಪೆಟ್ ಬಾಟಲಿಗೆ ಬಣ್ಣ ಬಳಿದು, ಅಂಟು ಹಚ್ಚಿ, ಮಿಂಚು ಉದುರಿಸಿ ಹೂದಾನಿ ಮಾಡುವ ವಿಡಿಯೊಗಳು ಬಹಳ ಇವೆ. ಮಾಡುವವರ ಆಸೆ ಒಳ್ಳೆಯದೇ. ಆದರೆ ಹಾಗೆ ಅಲಂಕರಿಸಿದ ಬಾಟಲಿ ವರ್ಷ ಕಳೆದು ಬೇಡವಾದಾಗ ಗುಜರಿಗೂ ಬೇಡವಾಗಿರುತ್ತದೆ. ಶುದ್ಧ ಮಾಲು ಬೆರಕೆಯಾಯಿತು. ಬಾಟಲಿಯಲ್ಲಿ ಗಿಡ ನೆಡುವುದಾದರೆ ಬಣ್ಣ, ಅಂಟು ಇಲ್ಲದೆ ನೆಡುವುದು ಮೇಲು. ಗಾಜಿನ ಬಾಟಲಿ, ಹಳೇ ಮರ, ಹತ್ತಿಬಟ್ಟೆಗಳಿಗೆ ಮನೆಯಲ್ಲೇ ಎರಡನೇ ಬದುಕು ಕೊಡುವುದು ಇದಕ್ಕಿಂತ ಸಲೀಸು.

ಕೆಲವನ್ನು ಮರುಬಳಸಲೇಬಾರದು. ಕೀಟನಾಶಕದ ಡಬ್ಬಿ ಅವುಗಳಲ್ಲಿ ಮೊದಲನೆಯದು. ಔಷಧಿ ಪ್ಲಾಸ್ಟಿಕ್ಕಿನ ಒಳಗೇ ಇಂಗಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗದು. ಅದರಲ್ಲಿ ಎಣ್ಣೆ, ನೀರು, ಕಾಳು ಯಾವುದನ್ನೂ ಇಡಬಾರದು. ಯೂರಿಯಾ ಚೀಲವನ್ನು ಬಿಚ್ಚಿ ನೆಲಕ್ಕೆ ಹಾಸಲು, ಮರೆ ಕಟ್ಟಲು ಬಳಸಬಹುದು. ತಿನ್ನುವ ದವಸ ತುಂಬುವುದು ಬೇಡ. ಬಜ್ಜಿ, ಬೋಂಡಾವನ್ನು ದಿನಪತ್ರಿಕೆಯಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಬಿಸಿ ಎಣ್ಣೆಗೆ ಅಚ್ಚಿನ ಶಾಯಿ ಕರಗಿ ತಿಂಡಿಗೆ ಸೇರುತ್ತದೆ. ತಾಮ್ರಕ್ಕಾಗಿ ವೈರ್ ಸುಡುವುದು, ಸೀಸಕ್ಕಾಗಿ ಬ್ಯಾಟರಿ ಒಡೆಯುವುದು ಮಕ್ಕಳಿರುವ ಮನೆಯ ಹತ್ತಿರವೂ ಸುಳಿಯಬಾರದ ಕೆಲಸ.

ಟೈರಿನ ಕುಂಡ ಚೆಂದ, ಆದರೆ ಅದರ ಒಳಮಡಿಕೆಯಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಅಷ್ಟೇ ನೀರು ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಟೈರಿನ ತಳಕ್ಕೆ ತೂತು ಹೊಡೆದು, ಮಣ್ಣು ಒಳಮಡಿಕೆಯವರೆಗೂ ತುಂಬಿದರೆ ನೀರು ನಿಲ್ಲುವುದಿಲ್ಲ.

ಕೊಡುವ ಮುನ್ನ

ಹಾಲಿನ ಕವರ್‌ನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುವ ಅಭ್ಯಾಸ ನಮಗೆಲ್ಲ ಇದೆ. ಉಗುರಿನಷ್ಟು ಚಿಕ್ಕ ಆ ತ್ರಿಕೋನವನ್ನು ಯಾರೂ ಆಯಲಾರರು. ಅದು ಸಿಂಕಿನಿಂದ ಚರಂಡಿಗೆ ಹೋಗುತ್ತದೆ. ಕತ್ತರಿಯನ್ನು ಅರ್ಧಕ್ಕೇ ನಿಲ್ಲಿಸಿದರೆ ತುಂಡು ಕವರ್‌ಗೇ ಅಂಟಿಕೊಂಡಿರುತ್ತದೆ. ಖಾಲಿಯಾದ ಮೇಲೆ ಒಂದು ಸಲ ನೀರಾಡಿಸಿ, ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಸಿಂಕಿನ ಅಂಚಿಗೆ ಒಣಹಾಕಿದರೆ ಸಾಕು. ಹುಳಿವಾಸನೆಯ ಕವರ್‌ಗೂ ಒಣಗಿದ ಕವರ್‌ಗೂ ಗುಜರಿಯಲ್ಲಿ ದರ ಬೇರೆ.

ಪಾರ್ಸೆಲ್ ಡಬ್ಬಿಗೂ ಇದೇ ನಿಯಮ. ಸಾಂಬಾರು ಮೆತ್ತಿದ ಒಂದು ಡಬ್ಬಿ ಇಡೀ ಚೀಲದ ರಟ್ಟು, ಕಾಗದವನ್ನು ನೆನೆಸಿ ಹಾಳುಮಾಡುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆದುಕೊಡಿ. ಡಯಾಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಬೇರೆಯಾಗಿ ಸುತ್ತಿ ಗುರುತು ಹಾಕಿ. ವಿಂಗಡಣಾ ಕೇಂದ್ರಗಳಲ್ಲಿ ನಮ್ಮ ಚೀಲ ಬಿಚ್ಚಿ ಕೈಯಾಡಿಸುವುದು ಹೆಚ್ಚಾಗಿ ಮನುಷ್ಯರೇ, ಅವರಲ್ಲಿ ಹೆಂಗಸರು ಬಹಳ. ಹಳೇ ಮಾದರಿಯ ಟ್ಯೂಬ್‌ಲೈಟಿನಲ್ಲಿ ಪಾದರಸವಿರುವುದರಿಂದ ಅದನ್ನೂ ಬ್ಯಾಟರಿ, ಹಳೇ ಮೊಬೈಲುಗಳನ್ನೂ ಒಣ ಕಸದ ಚೀಲಕ್ಕೆ ಸೇರಿಸದೆ ಪ್ರತ್ಯೇಕ ಡಬ್ಬದಲ್ಲಿ ಕೂಡಿಟ್ಟು, ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಬೇಕು.